ಅಣಬೆ ಖೋಲಿಯ ಬಿಸಿ, ಮೀಟರಿನ ಹೊರೆ

ನಿಡಗುಂದಿಯಲ್ಲಿ ಅಣಬೆ ಬೆಳೆಯುತ್ತೇನೆ ಎಂದರೆ ಮಂದಿ ಮೊದಲು ಕೇಳುವುದು, 'ಈ ಬಿಸಲಾಗ ಹ್ಯಾಂಗ್ರಿ?' ಅಂತ. ಕೇಳಬೇಕಾದ ಮಾತೇ ಅದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಪಾರಾ 40 ಡಿಗ್ರಿ ದಾಟುತ್ತದೆ. ಚಿಪ್ಪಣಬೆಗೆ ಬೇಕಾದದ್ದು 20ರಿಂದ 28 ಡಿಗ್ರಿ, ಅದರ ಜೊತೆಗೆ ಶೇ 80ಕ್ಕಿಂತ ಹೆಚ್ಚು ತೇವ. ಇಷ್ಟು ದೊಡ್ಡ ಅಂತರವನ್ನು ಬರೀ ಎಸಿ ಹಚ್ಚಿ ತುಂಬುತ್ತೇನೆ ಎಂದು ಹೊರಟವರ ಗಳಿಕೆಯೆಲ್ಲ ಕರೆಂಟ್ ಬಿಲ್ಲಿಗೇ ಹೋಗುತ್ತದೆ. ಖೋಲಿಯೊಳಗೆ ಬಿಸಿ ಎಲ್ಲಿಂದ ಬರುತ್ತದೆ, ಯಾವ ಹೊತ್ತಿಗೆ ಬರುತ್ತದೆ ಎಂದು ಹುಡುಕುವುದು ಮೊದಲ ಕೆಲಸ. ಯಂತ್ರ ಕೊಳ್ಳುವುದು ಅದಾದ ಮೇಲೆ.

ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಮಾಳಿಗೆ ಮನೆಗಳನ್ನು ಕಂಡ ಹಿರಿಯರು ನಮ್ಮ ಸುತ್ತ ಇನ್ನೂ ಇದ್ದಾರೆ. ದಪ್ಪ ಕಲ್ಲುಮಣ್ಣಿನ ಗೋಡೆ, ಕಟ್ಟಿಗೆ ತೊಲೆಗಳ ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೆ ಒಂದು ಗವಾಕ್ಷಿ. ಮಟಮಟ ಮಧ್ಯಾಹ್ನವೂ ಒಳಗೆ ತಂಪು. ಈಗ ನಾವು ಕಟ್ಟುವುದು ಆರ್‌ಸಿಸಿ ಇಲ್ಲವೇ ತಗಡಿನ ಶೆಡ್ಡು. ನನ್ನದು ಆರ್‌ಸಿಸಿ ಖೋಲಿ. ಒಳಗೆ ತಾಪಮಾಪಕ ತೂಗುಹಾಕಿ ತಾಸಿಗೊಮ್ಮೆ ಬರೆದಿಡುತ್ತ ಹೋದಾಗ ಕಂಡದ್ದು ಇದು: ಒಳಗಿನ ಬಿಸಿ ಏರುತ್ತೇರುತ್ತ ತುದಿ ಮುಟ್ಟುವುದು ಮಧ್ಯಾಹ್ನ ಎರಡಕ್ಕಲ್ಲ, ಸೂರ್ಯ ಮುಳುಗಿದ ಮೇಲೆ, ರಾತ್ರಿ ಏಳೆಂಟರ ಹೊತ್ತಿಗೆ. ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ಆಗ ಒಳಕ್ಕೆ ಬಿಡುತ್ತದೆ.

ವೋಲ್ಟೇಜ್ ಬೀಳುವುದೂ ಅದೇ ಹೊತ್ತಿಗೆ. ನಮ್ಮ ಒಂದು ಮಗ್ಗುಲಿಗೆ ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರ, ಇನ್ನೊಂದು ಮಗ್ಗುಲಿಗೆ ಕೂಡಗಿಯ 2,400 ಮೆಗಾವ್ಯಾಟ್ ಉಷ್ಣ ಸ್ಥಾವರ. ಆದರೆ ಅಲ್ಲಿ ಹುಟ್ಟಿದ ಕರೆಂಟು ಸೇರುವುದು ದೊಡ್ಡ ಗ್ರಿಡ್ಡಿಗೆ. ನಮ್ಮ ಮೀಟರಿಗೆ ಬರುವುದು ಸಬ್‌ಸ್ಟೇಷನ್, 11 ಕೆವಿ ಲೈನು, ಊರಿನ ಟ್ರಾನ್ಸ್‌ಫಾರ್ಮರ್ (ಟಿಸಿ) ಎಲ್ಲವನ್ನೂ ದಾಟಿ ಬಂದದ್ದು. ತಂತಿ ಉದ್ದವಾದಷ್ಟೂ, ಅದರ ಮೇಲೆ ಹೊರೆ ಏರಿದಷ್ಟೂ ವೋಲ್ಟೇಜ್ ಇಳಿಯುತ್ತದೆ. ಸಂಜೆ ಊರಿನ ದೀಪ, ಟಿವಿ, ಕೂಲರು, ಹಿಟ್ಟಿನ ಗಿರಣಿ ಎಲ್ಲ ಒಮ್ಮೆಲೇ ಎದ್ದಾಗ 230 ಇರಬೇಕಾದಲ್ಲಿ 180 ಕಾಣುವುದು ಲೈನಿನ ತುದಿಯಲ್ಲಿರುವ ಯಾರಿಗೂ ಹೊಸದಲ್ಲ. ವೋಲ್ಟೇಜ್ ಇಳಿದರೂ ಕಂಪ್ರೆಸರಿಗೆ ಮಾಡಬೇಕಾದ ಕೆಲಸ ಅಷ್ಟೇ ಇರುತ್ತದೆ, ಹಾಗಾಗಿ ಅದು ಹೆಚ್ಚು ಆಂಪಿಯರ್ ಎಳೆಯುತ್ತದೆ. ತಂತಿ ಕಾಯುವುದು ಆಂಪಿಯರಿನ ವರ್ಗದ ಲೆಕ್ಕದಲ್ಲಿ: ಎರಡು ಪಟ್ಟು ಹರಿದರೆ ನಾಲ್ಕು ಪಟ್ಟು ಬಿಸಿ. ಸಡಿಲಾದ ಒಂದು ಸ್ಕ್ರೂ, ಕಪ್ಪಾದ ಒಂದು ಪ್ಲಗ್ ಪಾಯಿಂಟು ಸಾಕು, ಬೆಂಕಿ ಅಲ್ಲಿಂದಲೇ ಏಳುತ್ತದೆ.

ಬಿಸಿ ತುದಿ ಮುಟ್ಟುವ ಹೊತ್ತು, ವೋಲ್ಟೇಜ್ ಬೀಳುವ ಹೊತ್ತು ಒಂದರ ಮೇಲೊಂದು ಬೀಳದಂತೆ ಮಾಡಿದ್ದರಲ್ಲೇ ನನ್ನ ಅರ್ಧ ಕೆಲಸ ಮುಗಿಯಿತು. ಸ್ಲ್ಯಾಬಿಗೆ ದಪ್ಪಗೆ ಸುಣ್ಣ ಹೊಡೆಸಿದೆ. ಅದರ ಮೇಲೆ ಗಾಳಿ ಆಡುವಷ್ಟು ಸಂದು ಬಿಟ್ಟು ಜೋಳದ ಕಣಿಕೆಯ ಚಪ್ಪರ ಹಾಕಿಸಿದೆ. ಬಿಸಿಲು ಸ್ಲ್ಯಾಬಿಗೆ ತಾಗದಿದ್ದರೆ ಸಂಜೆ ಒಳಕ್ಕೆ ಬಿಡಲು ಅದರ ಹತ್ತಿರ ಬಿಸಿಯೇ ಇರುವುದಿಲ್ಲ. ಪಡುವಣ ಗೋಡೆಗೂ ಹಾಗೇ ನೆರಳು. ಖೋಲಿ ತಂಪು ಮಾಡುವ ಭಾರವನ್ನೆಲ್ಲ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ವೇಳೆಗೆ ಹಾಕಿದೆ. ಆಗ ಹೊರಗಿನ ಗಾಳಿ ತಂಪು, ವೋಲ್ಟೇಜೂ ನೆಟ್ಟಗೆ.

ಉಳಿದ ಬಿಸಿಗೆ ಎಸಿಯೇ ಬೇಕು ಎನ್ನುವವರಿಗೆ ನಮ್ಮ ನಾಡಿನ ಗಾಳಿಯ ಗುಣ ನೆನಪಿಸುತ್ತೇನೆ. ಬೇಸಿಗೆಯಲ್ಲಿ ನಮ್ಮ ಗಾಳಿ ಒಣ. 40 ಡಿಗ್ರಿಯ ಗಾಳಿಯಲ್ಲಿ ತೇವ ಶೇ 20 ಇದ್ದರೆ, ಅದನ್ನು ಒದ್ದೆ ಪ್ಯಾಡಿನ ಮೂಲಕ ಎಳೆದಾಗ 27ರ ಆಸುಪಾಸಿಗೆ ಇಳಿಯುತ್ತದೆ. ಅಣಬೆಗೆ ಬೇಕಾದ ತೇವವೂ ಅದರೊಟ್ಟಿಗೇ ಸಿಗುತ್ತದೆ. ಪ್ಯಾಡಿನ ಫ್ಯಾನು, ಪಂಪು ಸೇರಿ ಕೆಲವು ನೂರು ವ್ಯಾಟ್. ಒಂದೂವರೆ ಟನ್ನಿನ ಎಸಿ ಒಂದೂವರೆ ಸಾವಿರ ವ್ಯಾಟಿನ ಮೇಲೆ ಉಣ್ಣುತ್ತದೆ, ಮೇಲಾಗಿ ತೇವವನ್ನೂ ಹಿಂಡಿ ಹೊರಗೆ ಹಾಕುತ್ತದೆ. ಆಷಾಢದಲ್ಲಿ ಮಾತ್ರ ಈ ಲೆಕ್ಕ ನಡೆಯದು. 30 ಡಿಗ್ರಿ, ಶೇ 70 ತೇವದ ಗಾಳಿ ಪ್ಯಾಡು ದಾಟಿದರೂ ಮೂರು ಡಿಗ್ರಿ ಇಳಿದರೆ ಹೆಚ್ಚು. ಆ ದಿನಗಳಲ್ಲಿ ಗಾಳಿಯಾಟವೇ ಗತಿ.

ಒಳಗೇ ಹುಟ್ಟುವ ಬಿಸಿ ಬೇರೆ ಇದೆ. ದೀಪದ ಬೆಳಕಿನಲ್ಲಿ ಸೊಪ್ಪು ಬೆಳೆಯುವ ಖೋಲಿಗಳಲ್ಲಿ ದೀಪಗಳೇ ದೊಡ್ಡ ಒಲೆ. ದೀಪ ಉಂಡ ಪ್ರತಿ ವ್ಯಾಟೂ ಕೊನೆಗೆ ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ಒಂದು ಟನ್ನಿನ ಎಸಿ ಹೊರಹಾಕುವುದು 3,500 ವ್ಯಾಟ್ ಬಿಸಿ ಎಂಬುದನ್ನು ನೆನಪಿಟ್ಟುಕೊಂಡರೆ ಅಲ್ಲಿನ ಲೆಕ್ಕ ಸುಲಭ. ಅಣಬೆಗೆ ದಿನಕ್ಕೆ ಕೆಲವು ತಾಸು ಮಂದ ಬೆಳಕು ಸಾಕು, ಒಂದೆರಡು ಎಲ್‌ಇಡಿ ಬಲ್ಬಿನಲ್ಲಿ ಮುಗಿಯುತ್ತದೆ. ಇಲ್ಲಿ ಒಲೆ ಎಂದರೆ ಅಣಬೆ ಬೆಳೆಯುವ ಮೇವಿನ ಚೀಲವೇ. ಬೀಜ ಹಾಕಿದ ಮೇಲೆ ಬಿಳಿ ಜಾಲ ಹಬ್ಬುವ ದಿನಗಳಲ್ಲಿ ಚೀಲದ ನಡುಭಾಗ ಖೋಲಿಗಿಂತ ಎರಡು ಮೂರು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಗೋಡೆಯ ತಾಪಮಾಪಕ 28 ತೋರಿಸುತ್ತದೆಂದು ನೆಮ್ಮದಿಯಿಂದ ಇರುವಂತಿಲ್ಲ, ಚೀಲದೊಳಗೆ ಚುಚ್ಚಿ ನೋಡಬೇಕು. ಒತ್ತೊತ್ತಾಗಿ ಪೇರಿಸದೆ, ನಡುವೆ ಕೈ ಹೋಗುವಷ್ಟು ಜಾಗ ಬಿಟ್ಟು ತೂಗುಹಾಕಿದರೆ ಆ ಬಿಸಿ ಕರೆಂಟಿಲ್ಲದೆಯೇ ಹೊರಬೀಳುತ್ತದೆ.

ಮೇವು ಬೇಯಿಸಲು ಹೀಟರ್ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. 200 ಲೀಟರ್ ನೀರನ್ನು 25ರಿಂದ 80 ಡಿಗ್ರಿಗೆ ಕಾಯಿಸಲು ಹದಿಮೂರು ಯುನಿಟ್ಟಿನ ಹತ್ತಿರ ಹೋಗುತ್ತದೆ. ಮೂರು ಕಿಲೋವ್ಯಾಟಿನ ಹೀಟರಾದರೆ ನಾಲ್ಕು ತಾಸಿನ ಮೇಲೆ ಉರಿಯಬೇಕು. ನಮ್ಮ ಹೊಲಗಳಲ್ಲಿ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ರಾಶಿ ರಾಶಿ ಬಿದ್ದಿರುತ್ತದೆ. ಖೋಲಿಯಿಂದ ದೂರ, ಬಯಲಲ್ಲಿ ಒಲೆ ಹೂಡಿದರೆ ಬಿಸಿಯೂ ಹೊರಗೇ ಉಳಿಯಿತು, ಮೀಟರಿನ ಹೊರೆಯೂ ಇಳಿಯಿತು.

ಕರೆಂಟು ಹೋಗಿ ಮರಳಿ ಬಂದ ಗಳಿಗೆಯೇ ಅಪಾಯದ್ದು. ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ ಚಾಲೂ ಆಗುವಾಗ ಅವು ಎಳೆಯುವ ಕರೆಂಟು ಮಾಮೂಲಿಗಿಂತ ಹಲವು ಪಟ್ಟು. ಎಂಸಿಬಿ ಬೀಳುತ್ತದೆ. ಅದು ಬೀಳುತ್ತದೆಂದು ದೊಡ್ಡ ಎಂಸಿಬಿ ಹಾಕಿಸುವುದು ಬಹಳ ಕಡೆ ಕಂಡಿದ್ದೇನೆ, ನೋಡಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಎಂಸಿಬಿ ಕಾಯುವುದು ತಂತಿಯನ್ನು. ತಂತಿ ದಪ್ಪ ಮಾಡದೆ ಎಂಸಿಬಿ ಮಾತ್ರ ದೊಡ್ಡದು ಮಾಡಿದರೆ ಕಾವಲೇ ಹೋಯಿತು. ನನ್ನಲ್ಲಿ ಟೈಮರ್‌ಗಳಿವೆ: ಮೊದಲು ಗಾಳಿಯ ಫ್ಯಾನು, ಆಮೇಲೆ ಪ್ಯಾಡಿನ ಪಂಪು, ಕಡೆಗೆ ಉಳಿದದ್ದು. ಫ್ಯಾನಿಗೆ ಇನ್ವರ್ಟರ್ ಕೂಡ ಇದೆ. ಅಣಬೆ ಬಿಡುವ ಇಂಗಾಲದ ಡೈಆಕ್ಸೈಡ್ ಹೊರಹೋಗದಿದ್ದರೆ ಕಾಂಡ ಉದ್ದುದ್ದ ಬೆಳೆದು ಟೊಪ್ಪಿಗೆ ಸಣ್ಣಗಾಗುತ್ತದೆ, ಅಂಥ ಮಾಲು ಪ್ಯಾಟಿಯಲ್ಲಿ ಯಾರಿಗೂ ಬೇಡ. ಮೂರು ಫೇಸಿನ ಸಂಪರ್ಕವಿದ್ದವರು ಹೊರೆಯನ್ನು ಮೂರಕ್ಕೂ ಸಮ ಹಂಚಿ. ಎಲ್ಲಕ್ಕಿಂತ ಮೊದಲು, ಇಡೀ ಖೋಲಿಯ ವ್ಯಾಟುಗಳನ್ನು ಕೂಡಿಸಿ ನೋಡಿ. ಮಂಜೂರಾದ ಲೋಡಿಗಿಂತ ಹೆಚ್ಚಾದರೆ ಅರ್ಜಿ ಕೊಟ್ಟು ಏರಿಸಿಕೊಳ್ಳಿ.

ಕಡುಬೇಸಿಗೆಯಲ್ಲಿ ನಾನು ಬೆಳೆಯನ್ನೇ ಬದಲಿಸುತ್ತೇನೆ. ಹಾಲಣಬೆಗೆ 30ರಿಂದ 35 ಡಿಗ್ರಿ ಹಿತ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ 1998ರಲ್ಲಿ ಹೊರತಂದ ಎಪಿಕೆ-2 ತಳಿಯಿಂದ ಇದು ದಕ್ಷಿಣದಲ್ಲಿ ಹಬ್ಬಿತು. ಹೊರಗೆ 40 ಇದ್ದಾಗ ಒಳಗೆ 27 ಮಾಡಲು ಹೆಣಗುವುದಕ್ಕಿಂತ 33ಕ್ಕೆ ನಿಲ್ಲಿಸುವುದು ಎಷ್ಟೋ ಹಗುರ. ಚಿಪ್ಪಣಬೆಯನ್ನು ನವೆಂಬರಿನಿಂದ ಫೆಬ್ರುವರಿವರೆಗೆ ಇಟ್ಟುಕೊಂಡರೆ ಚಳಿಗಾಲವೇ ಎಸಿಯ ಕೆಲಸ ಮಾಡುತ್ತದೆ.

ಇನ್ನು ಜೀವದ ಮಾತು. ಅಣಬೆ ಖೋಲಿಯ ನೆಲ ಯಾವಾಗಲೂ ಒದ್ದೆ, ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟಾಗ ಅರ್ಥಿಂಗ್ ಪೈಪಿನ ಸುತ್ತಲಿನ ಮಣ್ಣೂ ಒಣಗಿ ದೂರ ಸರಿಯುತ್ತದೆ, ಆಗ ಅರ್ಥಿಂಗ್ ಇದ್ದೂ ಇಲ್ಲದಂತೆ. ಆ ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕುತ್ತಿರಬೇಕು. ಕರೆಂಟು ಸೋರಿದರೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಖೋಲಿಗೆ ನಾನು ಯಾರನ್ನೂ ಕೆಲಸಕ್ಕೆ ಕಳಿಸುವುದಿಲ್ಲ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುತ್ತೇನೆ. ಒತ್ತಿದ ಕೂಡಲೇ ಅದು ಬೀಳದಿದ್ದರೆ ಆ ದಿನ ಖೋಲಿಯ ಕೆಲಸ ಬಂದ್, ಹೊಸದು ಕೂಡುವವರೆಗೂ.