ಕೇಳುವ ಮೊದಲು ಬಾಗಿಲು ಮುಚ್ಚಬೇಕು

ನಾನು ಕಾಮರ್ಸ್ ವಿದ್ಯಾರ್ಥಿನಿ. ನಮ್ಮ ಆಪಾ ನರ್ಸಿಂಗ್ ಓದುತ್ತಿದ್ದಾಳೆ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಿನ ಪಾಠ ಅಭ್ಯಾಸ ಮಾಡುವಾಗ ನನ್ನನ್ನೇ ರೋಗಿಯಾಗಿ ಕೂರಿಸಿಕೊಂಡಳು. "ಬಿಳಿಸೆರಗು ಹೋಗುತ್ತಾ? ಎಷ್ಟು ದಿನದಿಂದ?" ಎಂದು ಉರ್ದುವಿನಲ್ಲಿ ಕೇಳಿದಳು. ಸುಮ್ಮನೆ ಅಭ್ಯಾಸ ಎಂದು ಗೊತ್ತಿದ್ದರೂ ನನಗೆ ಬಾಯಿ ಬರಲಿಲ್ಲ. ಅವಳು ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗೋಪ್ಯತೆ: ಬಾಗಿಲು ಮುಚ್ಚಿ, ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ಭರವಸೆ ಕೊಡಬೇಕು. ರೋಗಿಗೆ ಕನ್ನಡ ಬಾರದಿದ್ದರೆ ಗಂಡನನ್ನೋ ಮಗಳನ್ನೋ ನಡುವೆ ಮಾತಾಡಲು ಕೂರಿಸಬಾರದು. ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆಯಬೇಕು.

ನಂತರ ಪ್ರಶ್ನೆ: ಸ್ರಾವ, ಹುಣ್ಣು, ಉರಿಮೂತ್ರ, ಕಿಬ್ಬೊಟ್ಟೆ ನೋವು, ತೊಡೆಸಂದಿಯಲ್ಲಿ ಗಡ್ಡೆ ಇವೆಯೇ? ಕೊನೆಯ ಮುಟ್ಟು ಯಾವಾಗ? ಗರ್ಭಿಣಿಯೇ? ಯಾವ ಔಷಧಿ ಅಲರ್ಜಿ? ಮೆಡಿಕಲ್ ಶಾಪಿನಿಂದ ಏನಾದರೂ ನುಂಗಿದ್ದಾರೆಯೇ? ಸಂಗಾತಿಗೂ ತೊಂದರೆ ಇದೆಯೇ?

ರೋಗ ಗುರುತಿಸುವುದು: ಎಲ್ಲ ಕಡೆ ಲ್ಯಾಬ್ ಸೌಲಭ್ಯ ಇರುವುದಿಲ್ಲ. ಆದ್ದರಿಂದ ಲಕ್ಷಣಗಳ ಗುಂಪು ನೋಡಿ ಅದೇ ದಿನ ಚಿಕಿತ್ಸೆ ಆರಂಭಿಸುತ್ತಾರೆ. ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಇದಕ್ಕಾಗಿ 7 ಬಣ್ಣದ ಔಷಧಿ ಕಿಟ್‌ಗಳಿವೆ. ಮೂತ್ರನಾಳದ ಸ್ರಾವಕ್ಕೆ ಬೂದು, ಕಿಬ್ಬೊಟ್ಟೆ ನೋವಿಗೆ ಹಳದಿ. ಆದರೆ ಎಷ್ಟೋ ಜನರಿಗೆ ಲಕ್ಷಣವೇ ಕಾಣುವುದಿಲ್ಲ. ಅದಕ್ಕೇ ಸಿಫಿಲಿಸ್ ಮತ್ತು ಎಚ್‌ಐವಿಗೆ ರಕ್ತ ಪರೀಕ್ಷೆ ಬೇಕು. ಗರ್ಭಿಣಿಗೆ ಸಿಫಿಲಿಸ್ ಇದ್ದು ಚಿಕಿತ್ಸೆ ಸಿಗದಿದ್ದರೆ ಮಗುವಿಗೂ ತಗಲಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು.

ಒಂದು ಮಾತು ಎಲ್ಲರೂ ನೆನಪಿಡಬೇಕು. ಬಿಳಿಸೆರಗೆಲ್ಲ ಲೈಂಗಿಕ ಸೋಂಕಲ್ಲ, ಶಿಲೀಂಧ್ರದಿಂದಲೂ ಬರುತ್ತದೆ. ಯಾರ ನಡತೆಯನ್ನೂ ಅದರಿಂದ ಅಳೆಯಬಾರದು.

ಅಕೌಂಟೆನ್ಸಿಯಲ್ಲಿ ಡೆಬಿಟ್ ಮಾತ್ರ ಬರೆದರೆ ಲೆಕ್ಕ ಟ್ಯಾಲಿ ಆಗುವುದಿಲ್ಲ. ಇಲ್ಲಿಯೂ ಹಾಗೆಯೇ. ಹೆಂಡತಿಗೆ ಮಾತ್ರ ಮಾತ್ರೆ ಕೊಟ್ಟು ಗಂಡನನ್ನು ಬಿಟ್ಟರೆ ಸೋಂಕು ಮತ್ತೆ ಬರುತ್ತದೆ.

ಆಸ್ಪತ್ರೆಯಲ್ಲಿ ಅಮ್ಮಿಯ ಪರವಾಗಿ ಕನ್ನಡದಲ್ಲಿ ಮಾತಾಡುವವಳು ನಾನೇ. ಜಾಣೆ ಎಂದು ಹೆಮ್ಮೆಪಡುತ್ತಿದ್ದೆ. ನನ್ನೆದುರು ಹೇಳಲಾಗದೆ ಅಮ್ಮಿ ಏನನ್ನು ನುಂಗಿಕೊಂಡಿರಬಹುದು ಎಂದು ಈಗ ಯೋಚನೆಯಾಗುತ್ತದೆ. ಮುಂದಿನ ಸಲ ಉರ್ದು ಬಲ್ಲ ಸಿಸ್ಟರ್ ಇದ್ದಾರೆಯೇ ಎಂದು ಕೇಳಿ, ನಾನು ಹೊರಗೆ ಕೂರುತ್ತೇನೆ.

ಹೆಸರು ಹೇಳದೆ ಮಾಹಿತಿ ಕೇಳಲು ಉಚಿತ ಸಹಾಯವಾಣಿ 1097 ಇದೆ. ನಮ್ಮ ವಯಸ್ಸಿನವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ನಾಚಿಕೆಯಿಂದ ಕಾಯಿಲೆ ಬೆಳೆಸಿಕೊಳ್ಳುವುದು ಬೇಡ.