ಎಣ್ಣೆ ಮಾಲೀಸು, ಮುಚ್ಚಿದ ಕೋಣೆ ಮತ್ತು ಜ್ವರದ ದಿನದ ಕೂಲಿ



ವೈದ್ಯಕೀಯ ನೆರವು ನಿಧಿಗಾಗಿ ನಿಮ್ಮಲ್ಲಿ ಮನವಿ ಮಾಡುವಾಗಲೆಲ್ಲ, ಮನೆಗೆ ಉಪಯೋಗವಾಗುವ ಒಂದು ಆರೋಗ್ಯ ವಿಷಯವನ್ನೂ ಈ ಪತ್ರಿಕೆಯಲ್ಲಿ ಕೊಡುತ್ತ ಬಂದಿದ್ದೇವೆ. 2022ರ ಜನವರಿಯಲ್ಲಿ ಕೊರೊನಾ ಮೂರನೇ ಸಲ ಬಾಗಿಲು ತಟ್ಟಿತು. ಆ ತಿಂಗಳು ಇಬ್ಬರು ಸದಸ್ಯರು ನನ್ನನ್ನು ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು. ಒಬ್ಬರ ಮನೆಯಲ್ಲಿ ಹಸಿ ಬಾಣಂತಿ ಇದ್ದಾಳೆ, ಮಾಲೀಸು ಮಾಡಿ ನೀರೆರೆಯುವ ಹೆಂಗಸನ್ನು ಬರಹೇಳಬಹುದೇ? ಇನ್ನೊಬ್ಬರಿಗೆ ಮಂಡಿನೋವು, ವಾರಕ್ಕೊಮ್ಮೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ಮುಂದುವರಿಸಬಹುದೇ?

ನಾನು ವೈದ್ಯನಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ತೂಗಿ ನೋಡುತ್ತ ನಿವೃತ್ತನಾದವನು. ಅಪಾಯವೇ ಇಲ್ಲದ ಸಾಲ ಎಂಬುದಿಲ್ಲ ಎಂದು ಆ ಕೆಲಸ ಕಲಿಸಿತು. ಅಪಾಯ ಎಷ್ಟು, ಅದನ್ನು ಹೊರುವವರು ಯಾರು, ಕಡಿಮೆ ಮಾಡಲು ಎಷ್ಟು ಖರ್ಚು ಎಂದು ಕೇಳುವುದು ಅಲ್ಲಿನ ಕ್ರಮ. ಅದೇ ಕ್ರಮದಲ್ಲಿ ಈ ಪ್ರಶ್ನೆಯನ್ನೂ ನೋಡೋಣ. ಅದಕ್ಕೆ ಮೊದಲು ನಮ್ಮ ಮನೆಯಲ್ಲೇ ಆದ ಒಂದು ತಪ್ಪನ್ನು ಹೇಳಬೇಕು.

ನಮ್ಮ ಮನೆಯ ಸಂಗತಿ

2021ರ ಮಾರ್ಚಿನಲ್ಲಿ ಮಗಳು ಚೊಚ್ಚಲ ಬಾಣಂತನಕ್ಕೆ ಬಾಲಾನಗರದ ನಮ್ಮ ಮನೆಯಲ್ಲಿದ್ದಳು. ಬೀದರ್ ಕಡೆಯ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಬಂದು ತಾಯಿ, ಮಗು ಇಬ್ಬರಿಗೂ ಎಣ್ಣೆ ಹಚ್ಚಿ ನೀರೆರೆದು ಹೋಗುತ್ತಿದ್ದರು. ದಿನಕ್ಕೆ ಐದು ಮನೆಗಳ ಕೆಲಸ ಅವರದು. ಒಂದು ದಿನ ಬಾಗಿಲಲ್ಲೇ ಕೆಮ್ಮಿದರು. ನನ್ನ ಹೆಂಡತಿ ಗಾಬರಿಯಾಗಿ, "ಇವತ್ತು ಬೇಡಮ್ಮ, ವಾಸಿಯಾದ ಮೇಲೆ ಬಾ" ಎಂದು ವಾಪಸು ಕಳಿಸಿದಳು. ಅಷ್ಟರ ಮಟ್ಟಿಗೆ ಸರಿ. ಆದರೆ ಆ ದಿನದ ಹಣ ಕೊಡಲಿಲ್ಲ. ಅವರು ಬಾರದ ಮುಂದಿನ ನಾಲ್ಕು ದಿನಗಳದೂ ಕೊಡಲಿಲ್ಲ. ಕೆಲಸ ಮಾಡದ ದಿನಕ್ಕೆ ಹಣ ಏಕೆ ಎಂದು ನಾನೇ ಲೆಕ್ಕ ಹೇಳಿದ್ದೆ.

ಕೆಲವು ವಾರಗಳ ಮೇಲೆ ಅವರೇ ಮಾತಿನ ನಡುವೆ ಹೇಳಿದರು: "ನೀವು ಕಳಿಸಿದ ದಿನ ಉಳಿದ ನಾಕೂ ಮನಿಗೆ ಹೋಗಿದ್ದೆ ಸಾಹೇಬ್ರ. ಕೆಮ್ಮು ಬಂದಾಗ ಸೆರಗು ಅಡ್ಡ ಹಿಡ್ಕೊಂಡೆ. ಒಂದಿನ ಬಿಟ್ರ ಐದು ಮನಿ ರೊಕ್ಕ ಹೋಗ್ತದ್ರಿ."

ಅದು ಕೊರೊನಾ ಆಗಿತ್ತೋ ಬರೀ ನೆಗಡಿಯೋ ಇಂದಿಗೂ ಗೊತ್ತಿಲ್ಲ. ಪರೀಕ್ಷೆಯೇ ಆಗಲಿಲ್ಲ. ನಮ್ಮ ಮನೆಯ ಅಪಾಯವನ್ನು ನಾವು ಬೇರೆ ನಾಲ್ಕು ಮನೆಗಳಿಗೆ ವರ್ಗಾಯಿಸಿದ್ದೆವು, ಅಷ್ಟೆ. ಆ ನಾಲ್ಕು ಮನೆಗಳಲ್ಲೂ ಬಾಣಂತಿಯೋ ಹಸುಗೂಸೋ ಇದ್ದೇ ಇರುತ್ತದೆ.

ಸೋಂಕು ಹೇಗೆ ಹರಡುತ್ತದೆ

ಮೊದಲ ಅಲೆಯಲ್ಲಿ ನಮ್ಮೆಲ್ಲರ ಭಯ ಮುಟ್ಟುವುದರ ಬಗ್ಗೆ ಇತ್ತು. ಹಾಲಿನ ಪೊಟ್ಟಣವನ್ನೂ ಸೋಪಿನಲ್ಲಿ ತೊಳೆದವರು ನಾವು. 2020ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಖರ್‌ಗೋನ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕ್ಷೌರ ಮಾಡಿಸಿಕೊಂಡ ಆರು ಮಂದಿಗೆ ಸೋಂಕು ಬಂದ ಸುದ್ದಿ ನಿಮಗೆ ನೆನಪಿರಬಹುದು. ಎಲ್ಲರಿಗೂ ಒಂದೇ ಬಟ್ಟೆ ಹೊದಿಸಿದ್ದರಿಂದ ಹಾಗಾಯಿತು ಎಂದು ಆಗ ಪತ್ರಿಕೆಗಳಲ್ಲಿ ಬಂತು.

ಈಗಿನ ತಿಳಿವಳಿಕೆ ಬೇರೆ. ವಸ್ತುಗಳನ್ನು ಮುಟ್ಟುವುದರಿಂದ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಒಂದು ಸಲಕ್ಕೆ 10,000ದಲ್ಲಿ 1ಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಮುಖ್ಯ ದಾರಿ ಉಸಿರು. 2021ರ ಮೇ ತಿಂಗಳಲ್ಲಿ ಭಾರತ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಹೊರಡಿಸಿದ ಸಲಹೆಯಲ್ಲೂ ಇದೇ ಇದೆ: ದೊಡ್ಡ ಹನಿಗಳು 2 ಮೀಟರ್ ಒಳಗೆ ಬೀಳುತ್ತವೆ, ಸೂಕ್ಷ್ಮ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಹೋಗಬಲ್ಲವು. ಆದ್ದರಿಂದ ಕಿಟಕಿ ತೆರೆಯಿರಿ, ಗಾಳಿ ಹೊರಹೋಗುವಂತೆ ಮಾಡಿ ಎಂಬುದು ಅದರ ಮುಖ್ಯ ಮಾತು.

ಹಾಗಾದರೆ ಮಾಲೀಸಿನಲ್ಲಿ ಅಪಾಯ ಇರುವುದು ಎಣ್ಣೆಯಲ್ಲೋ ಕೈಯಲ್ಲೋ ಅಲ್ಲ. ಕೈ ತೊಳೆಯುವುದು ಬೇಕೇ ಬೇಕು, ಆದರೆ ಅದರಿಂದ ಮಾತ್ರ ಆಗದು. ತೂಗಬೇಕಾದ್ದು ಮೂರು ಅಂಶ: ಮುಖಗಳ ನಡುವಿನ ಅಂತರ, ಕಳೆಯುವ ಸಮಯ, ಕೋಣೆಯ ಗಾಳಿ. ತರಕಾರಿ ಅಂಗಡಿಯಲ್ಲಿ ಐದು ನಿಮಿಷ, ಬಯಲು ಗಾಳಿ. ಕ್ಷೌರಕ್ಕೆ ಹದಿನೈದು ಇಪ್ಪತ್ತು ನಿಮಿಷ, ತೆರೆದ ಬಾಗಿಲು. ಮಾಲೀಸಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಒಂದು ಮೊಳದ ಅಂತರ, ಸಾಮಾನ್ಯವಾಗಿ ಮುಚ್ಚಿದ ಬಾಗಿಲು. ಕೈಗೆ ಬಲ ಹಾಕಿ ತಿಕ್ಕುವವರ ಉಸಿರಾಟವೂ ಜೋರಾಗಿರುತ್ತದೆ.

ಬಾಣಂತಿ ಕೋಣೆಯಂತೂ ಮೂರು ಅಂಶಗಳಲ್ಲೂ ಕೆಟ್ಟ ಕಡೆಗೇ ಇದೆ. ಶೀತ ಗಾಳಿ ತಾಗಬಾರದೆಂದು ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತೇವೆ. ನಮ್ಮ ಬಾಲಾನಗರದ ಗಲ್ಲಿಗಳ ಎರಡು ಕೋಣೆಯ ಮನೆಗಳಲ್ಲಿ ಎಷ್ಟೋ ಕಡೆ ಕಿಟಕಿ ತೆರೆದರೂ ಪಕ್ಕದ ಮನೆಯ ಗೋಡೆಯೇ ಎದುರು. ಸಾಂಬ್ರಾಣಿ ಹೊಗೆ ಹಾಕಿದರೆ ರೋಗಾಣು ಸಾಯುತ್ತದೆ ಎಂಬ ನಂಬಿಕೆ ಬೇರೆ. ಹೊಗೆಯಿಂದ ಈ ವೈರಾಣು ಸಾಯುವುದಿಲ್ಲ, ಕೂಸಿನ ಎಳೆಯ ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ.

ಮಾಸ್ಕಿನ ಬೆಲೆ: ಒಂದು ನಿಜವಾದ ಲೆಕ್ಕ

ಇಷ್ಟು ಹತ್ತಿರದ ಕೆಲಸದಲ್ಲಿ ಮಾಸ್ಕ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ? ಅಮೆರಿಕದ ಮಿಸೌರಿ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ 2020ರ ಮೇ ತಿಂಗಳಲ್ಲಿ ನಡೆದದ್ದು ಇದಕ್ಕೆ ಉತ್ತರ ಕೊಡುತ್ತದೆ. ಒಂದು ಸಲೂನಿನ ಇಬ್ಬರು ಕೇಶ ವಿನ್ಯಾಸಕರಿಗೆ ಸೋಂಕಿತ್ತು. ಲಕ್ಷಣಗಳು ಕಾಣಿಸಿದ ಮೇಲೂ ಇಬ್ಬರೂ ಕೆಲವು ದಿನ ಕೆಲಸ ಮಾಡಿದರು. ಅವರ ಬಳಿಗೆ ಬಂದ ಗ್ರಾಹಕರು 139 ಮಂದಿ. ಕೆಲಸದವರೂ ಗ್ರಾಹಕರೂ ಮಾಸ್ಕ್ ಹಾಕಿದ್ದರು. ಪರೀಕ್ಷೆಗೆ ಒಪ್ಪಿದ 67 ಗ್ರಾಹಕರಲ್ಲಿ ಒಬ್ಬರಿಗೂ ಸೋಂಕು ಕಾಣಲಿಲ್ಲ. ಆದರೆ ಸಲೂನಿನ ಹೊರಗೆ ಆ ಇಬ್ಬರಲ್ಲಿ ಒಬ್ಬರ ಹತ್ತಿರದ ಸಂಪರ್ಕದಲ್ಲಿದ್ದ ನಾಲ್ವರಿಗೆ, ಮನೆಯವರೂ ಸೇರಿ, ಸೋಂಕು ತಗಲಿತು.

ಲೆಕ್ಕ ತಪಾಸಣೆ ಮಾಡುವವನಾಗಿ ಎರಡು ಷರಾ ಬರೆಯಬೇಕು. ಅರ್ಧಕ್ಕಿಂತ ಹೆಚ್ಚು ಗ್ರಾಹಕರ ಪರೀಕ್ಷೆ ಆಗಲಿಲ್ಲ. ಅಲ್ಲಿನ ಕೆಲಸ ಹದಿನೈದರಿಂದ ನಲವತ್ತೈದು ನಿಮಿಷದ್ದು, ಮಾಲೀಸು ಅದಕ್ಕಿಂತ ದೀರ್ಘ. 2022ರ ಜನವರಿಯಲ್ಲಿ ಹರಡಿದ ಓಮಿಕ್ರಾನ್ ಆಗಿನದಕ್ಕಿಂತ ಬಲು ಬೇಗ ಅಂಟುತ್ತದೆ ಎಂಬುದೂ ನೆನಪಿರಲಿ. ಆದರೂ ಇಬ್ಬರೂ ಮಾಸ್ಕ್ ಹಾಕಿದರೆ ಅಪಾಯ ಬಹಳ ಇಳಿಯುತ್ತದೆ ಎನ್ನಲು ಇದು ಗಟ್ಟಿ ಆಧಾರ. ಜ್ವರ, ಕೆಮ್ಮು ಇದ್ದೂ ಕೆಲಸಕ್ಕೆ ಹೋಗುವುದು ನಮ್ಮ ಗಲ್ಲಿಯಲ್ಲಿ ಮಾತ್ರ ನಡೆಯುವಂಥದ್ದಲ್ಲ ಎಂಬುದೂ ಇದರಿಂದ ತಿಳಿಯುತ್ತದೆ.

ಮನೆಯಲ್ಲಿ ಏನು ಮಾಡಬೇಕು

1. ಮೊದಲು, ಈಗಲೇ ಬೇಕೇ ಎಂದು ಕೇಳಿಕೊಳ್ಳಿ. ಮಂಡಿನೋವಿನ ಮಾಲೀಸನ್ನು ಅಲೆ ಇಳಿಯುವವರೆಗೆ ಮುಂದೂಡಬಹುದು. ವೈದ್ಯರು ಹೇಳಿದ ಫಿಸಿಯೋಥೆರಪಿಯನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ. ಬಾಣಂತಿಗೆ ಮನೆಯವರೇ ಒಬ್ಬರು ಎಣ್ಣೆ ಹಚ್ಚಲು ಸಾಧ್ಯವಾದರೆ ಒಳ್ಳೆಯದು.

2. ಹೊರಗಿನವರು ಬರಲೇಬೇಕಾದರೆ, ಬಿಸಿಲೇರಿದ ಮೇಲೆ ಬರಹೇಳಿ. ಹನ್ನೊಂದು ಗಂಟೆಗೆ ಕಿಟಕಿ ಬಾಗಿಲು ತೆರೆದರೆ ಶೀತದ ಭಯ ಇರುವುದಿಲ್ಲ. ಫ್ಯಾನಿನ ಗಾಳಿ ಕಿಟಕಿಯ ಕಡೆಗೆ ಹೋಗುವಂತಿರಲಿ.

3. ಮಾಲೀಸು ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ಎನ್‌95 ಮಾಸ್ಕ್ ಇರಲಿ. ಅವರ ಮಾಸ್ಕನ್ನು ನಾವೇ ಕೊಡೋಣ. ಎಣ್ಣೆ, ಬೆವರು ತಾಗಿ ಒದ್ದೆಯಾದರೆ ಬದಲಾಯಿಸಬೇಕು. ಕೂಸಿಗೆ ಯಾವ ಕಾರಣಕ್ಕೂ ಮಾಸ್ಕ್ ಹಾಕಬಾರದು, ಉಸಿರು ಕಟ್ಟುತ್ತದೆ.

4. ಆ ಹೊತ್ತಿನಲ್ಲಿ ಕೋಣೆಯಲ್ಲಿ ಬೇರೆ ಯಾರೂ ಬೇಡ. ಸಕ್ಕರೆ ಕಾಯಿಲೆ ಇರುವ ಅಜ್ಜ ಅಜ್ಜಿಯರು ಬೇರೆ ಕೋಣೆಯಲ್ಲಿರಲಿ. ಮಾತು ಕಡಿಮೆ ಇರಲಿ. ಊರ ಸುದ್ದಿಯನ್ನು ಆಮೇಲೆ ಅಂಗಳದಲ್ಲಿ ಮಾತಾಡಬಹುದು.

5. ಒಳಗೆ ಬಂದೊಡನೆ ಸೋಪಿನಿಂದ ಕೈ ತೊಳೆಯಲಿ. ಎಣ್ಣೆ ಬಟ್ಟಲು, ಟವೆಲು ನಮ್ಮ ಮನೆಯದೇ ಇರಲಿ.

6. ಲಸಿಕೆ. ಗರ್ಭಿಣಿಯರಿಗೆ 2021ರ ಜುಲೈಯಿಂದ, ಹಾಲೂಡಿಸುವ ತಾಯಂದಿರಿಗೆ ಮೇ ತಿಂಗಳಿಂದಲೇ ಸರ್ಕಾರ ಅನುಮತಿ ಕೊಟ್ಟಿದೆ. ಬೇರೆ ಕಾಯಿಲೆಗಳಿರುವ 60 ದಾಟಿದವರಿಗೆ 2022ರ ಜನವರಿ 10ರಿಂದ ಮುನ್ನೆಚ್ಚರಿಕೆ ಡೋಸ್ ಕೊಡತೊಡಗಿದರು. ಮನೆಗೆಲಸದವರಿಗೆ ಎರಡೂ ಡೋಸ್ ಆಗಿದೆಯೇ ಕೇಳಿ. ಆಗಿರದಿದ್ದರೆ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಆ ದಿನದ ಕೂಲಿ ಕೊಡಿ.

7. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಅವರಿಗೆ ಮೊದಲೇ ಫೋನ್ ಮಾಡಿ ತಿಳಿಸಿ. ನೆಂಟರಿಗೆಲ್ಲ ವಾಟ್ಸಾಪ್ ಹಾಕುವ ನಾವು ದಿನಾ ನಮ್ಮ ಮೈಮುಟ್ಟಿ ದುಡಿಯುವವರಿಗೆ ಹೇಳುವುದಿಲ್ಲ. ನಮ್ಮಿಂದ ಅವರಿಗೆ, ಅವರಿಂದ ಅವರ ಮಕ್ಕಳಿಗೆ ತಗಲುವ ಅಪಾಯ ಕಡಿಮೆಯದೇನಲ್ಲ.

ಜ್ವರದ ದಿನದ ಕೂಲಿ

ಈ ಏಳೂ ಸೂಚನೆಗಳು ಒಂದು ಸುಳ್ಳಿನ ಮುಂದೆ ನಿಲ್ಲುವುದಿಲ್ಲ. "ಜ್ವರ ಇದೆಯೇ?" ಎಂದು ಕೇಳಿದಾಗ "ಇಲ್ಲ" ಎಂದರೆ ಎಲ್ಲ ವ್ಯರ್ಥ. ನಿಜ ಹೇಳಿದವರಿಗೆ ಕೂಲಿ ಕತ್ತರಿಸಿದರೆ ಅವರು ಸುಳ್ಳು ಹೇಳದೆ ಇನ್ನೇನು ಮಾಡಿಯಾರು? ಆದ್ದರಿಂದ ಪ್ರಶ್ನೆಗೆ ಮೊದಲು ಭರವಸೆ ಕೊಡಬೇಕು: "ಹುಷಾರಿಲ್ಲದಿದ್ದರೆ ಬರಬೇಡಮ್ಮ, ಹಣ ಕೊಡುತ್ತೇವೆ."

ಇದು ಎಷ್ಟಾಗುತ್ತದೆ? ಮನೆಗೆ ದಿನಕ್ಕೆ ₹200 ಎಂದು ಇಟ್ಟುಕೊಳ್ಳೋಣ. 2022ರ ಜನವರಿಯ ನಿಯಮದಂತೆ ಸೌಮ್ಯ ಸೋಂಕಿಗೆ ಮನೆಯಲ್ಲಿ ಪ್ರತ್ಯೇಕವಾಗಿರುವ ಅವಧಿ 7 ದಿನ ಇತ್ತು. ಐದು ಮನೆ, ಏಳು ದಿನ ಎಂದರೆ ₹7,000. ಒಂದೊಂದು ಮನೆಯ ಪಾಲು ₹1,400. ತೆಲಂಗಾಣ ಸರ್ಕಾರ 2020ರಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಗೊತ್ತುಮಾಡಿದ ದರದಲ್ಲಿ ಸಾಮಾನ್ಯ ವಾರ್ಡಿಗೆ ದಿನಕ್ಕೆ ₹4,000, ವೆಂಟಿಲೇಟರ್ ಇಲ್ಲದ ಐಸಿಯುಗೆ ₹7,500 ಇತ್ತು. ಐದು ಮನೆಗಳನ್ನು ಕಾಯುವ ಏಳು ದಿನದ ಕೂಲಿ, ಐಸಿಯುವಿನ ಒಂದು ದಿನದ ಬಾಡಿಗೆಗಿಂತ ಕಡಿಮೆ. ಇಷ್ಟು ಅಗ್ಗದ ವಿಮೆಯನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡಿಲ್ಲ.

ಸರ್ಕಾರಗಳೂ ಇದನ್ನು ಸ್ವಲ್ಪ ಮಟ್ಟಿಗೆ ಒಪ್ಪಿವೆ. 2020ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ ₹5,000 ನೆರವು ಘೋಷಿಸಿತು. ಅಂಗಡಿಯೂ ಪರವಾನಗಿಯೂ ಇಲ್ಲದೆ ಮನೆಮನೆಗೆ ಹೋಗಿ ದುಡಿಯುವವರು, ಅದರಲ್ಲೂ ಊರು ಬಿಟ್ಟು ಪರರಾಜ್ಯಕ್ಕೆ ಬಂದವರು, ಇಂಥ ಪಟ್ಟಿಗಳಲ್ಲಿ ಹೆಸರು ಸೇರಿಸಿಕೊಳ್ಳುವುದು ಸುಲಭವಲ್ಲ. ಅವರನ್ನು ಗುರುತಿಸಬಲ್ಲವರು ನಾವೇ, ಅವರಿಂದ ಕೆಲಸ ಮಾಡಿಸಿಕೊಳ್ಳುವವರು.

ನಮ್ಮ ವಿನಂತಿ

ವೈದ್ಯಕೀಯ ನೆರವು ನಿಧಿ ಈವರೆಗೆ ಹೆಚ್ಚಾಗಿ ಆಸ್ಪತ್ರೆಯ ಬಿಲ್ಲುಗಳಿಗೆ ಹೋಗಿದೆ. ಅದು ಮುಂದುವರಿಯಲೇಬೇಕು. ಅದರ ಜೊತೆಗೆ ಸಣ್ಣದೊಂದು ಭಾಗವನ್ನು ಜ್ವರದ ದಿನದ ಕೂಲಿಗೆ, ಮಾಸ್ಕಿಗೆ, ಮನೆಯಲ್ಲೇ ಮಾಡಿಕೊಳ್ಳುವ ಪರೀಕ್ಷೆಯ ಕಿಟ್‌ಗೆ ಮೀಸಲಿಡಬೇಕೆಂದು ಕಾರ್ಯಕಾರಿ ಸಮಿತಿಯಲ್ಲಿ ಪ್ರಸ್ತಾಪ ಇಡುತ್ತಿದ್ದೇನೆ. 2021ರಲ್ಲಿ ಒಂದು ಕಿಟ್‌ಗೆ ₹250 ಇತ್ತು, ಹದಿನೈದು ನಿಮಿಷಕ್ಕೆ ಫಲಿತಾಂಶ. ಲಕ್ಷಣಗಳಿದ್ದು ಫಲಿತಾಂಶ ನೆಗೆಟಿವ್ ಬಂದರೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು. ನಿಮ್ಮ ಮನೆಗೆ ಬರುವವರ ಪಾಲನ್ನು ನೀವೇ ಕೊಟ್ಟುಬಿಡಿ. ಕೊಡಲಾಗದ ಮನೆಗಳ ಪಾಲನ್ನು ನಿಧಿಯಿಂದ ತುಂಬೋಣ. ಪ್ರತಿ ರೂಪಾಯಿಗೂ ರಸೀದಿ, ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಎಂದಿನಂತೆ ಇರುತ್ತದೆ.

ನಮ್ಮ ಮನೆಗೆ ಬರುತ್ತಿದ್ದವರಿಗೆ ಆ ಐದು ದಿನಗಳ ಹಣವನ್ನು ನಾನು ಕೊಟ್ಟಿದ್ದು ತಡವಾಗಿ, 2021ರ ದೀಪಾವಳಿಗೆ. "ಇದು ಯಾವುದರ ರೊಕ್ಕ ಸಾಹೇಬ್ರ?" ಎಂದು ಕೇಳಿದರು. ಹೇಳಿದೆ. ಎಣಿಸದೆ ಸೆರಗಿಗೆ ಕಟ್ಟಿಕೊಂಡು, "ಇನ್ಮ್ಯಾಗ ಜ್ವರ ಬಂದ್ರ ಮೊದಲ ನಿಮಗ ಫೋನ್ ಮಾಡ್ತೀನ್ರಿ" ಎಂದರು. 2022ರ ಜನವರಿಯ ಮೊದಲ ವಾರ ಹಾಗೆಯೇ ಫೋನ್ ಬಂತು. ಅವರು ಹೋಗುವ ಐದೂ ಮನೆಗಳವರು ಈ ಸಲ ಹಣ ಕೊಟ್ಟಿದ್ದೇವೆ.

ನಿಮ್ಮ ಮನೆಗೂ ಯಾರಾದರೂ ಬರುತ್ತಿದ್ದರೆ ಈ ಹೊತ್ತೇ ಅವರಿಗೊಂದು ಮಾತು ಹೇಳಿ. ನಿಧಿಗೆ ನಿಮ್ಮ ಕೈಲಾದಷ್ಟು ಕಳುಹಿಸಿ.


ನಿಮ್ಮ ಹಿರಿಯ ಸದಸ್ಯ, ಬಾಲಾನಗರ