ಹೆಬ್ಬಾಳದ ಶಾಸನ ಮತ್ತು ಗಣಕಯಂತ್ರದ ಪಾಠ

ಶಾಲೆಗೆ ಹೊಸ ಬೋಧನೋಪಕರಣವೊಂದು ಬಂದಾಗಲೆಲ್ಲ ಅದನ್ನು ಎಲ್ಲಿ ಇಡಬೇಕೆಂಬ ಚರ್ಚೆ ಮೊದಲು ನಡೆಯುತ್ತದೆ. ಅದರಿಂದ ಯಾವ ಪಾಠವನ್ನು ಕಲಿಸಬೇಕೆಂಬ ಪ್ರಶ್ನೆ ತಡವಾಗಿ ಏಳುತ್ತದೆ. ಬಾನುಲಿಯ ವಿಷಯದಲ್ಲಿಯೂ ದೂರದರ್ಶನದ ವಿಷಯದಲ್ಲಿಯೂ ಹೀಗೆಯೇ ಆಯಿತು. ಇಂದು ತರಗತಿಯ ಗೋಡೆಗೆ ಪರದೆಯನ್ನು ಅಳವಡಿಸಿ, ಅದರಲ್ಲಿ ಪಠ್ಯಪುಸ್ತಕದ ಪುಟವನ್ನೇ ದೊಡ್ಡದಾಗಿ ತೋರಿಸಿ ತೃಪ್ತಿಪಡುವ ಶಾಲೆಗಳು ಕಡಿಮೆಯೇನಲ್ಲ. ದಾನಿಗಳ ಹಣ ಇದಕ್ಕಾಗಿ ವಿನಿಯೋಗವಾಗುವುದು ವಿಷಾದದ ಸಂಗತಿ. ಪುಸ್ತಕವಾಗಲಿ ಕರಿಹಲಗೆಯಾಗಲಿ ಮಾಡಲಾರದ ಯಾವ ಕೆಲಸವನ್ನು ಗಣಕಯಂತ್ರವು ಮಾಡಬಲ್ಲದು ಎಂಬುದನ್ನು ಪರಿಶೀಲಿಸಲು ಉತ್ತರ ಬೆಂಗಳೂರಿನಲ್ಲಿಯೇ ಒಳ್ಳೆಯ ನಿದರ್ಶನವೊಂದಿದೆ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ನೆಲವನ್ನು ಅಗೆಯುತ್ತಿದ್ದಾಗ ಶಾಸನವುಳ್ಳ ವೀರಗಲ್ಲೊಂದು ಹೊರಬಂದಿತು. ಶಾಸನಗಳ ಸಂರಕ್ಷಣೆಯಲ್ಲಿ ಆಸಕ್ತರಾದ ನಾಗರಿಕರು ಅದನ್ನು ಕಾಪಾಡಿದರು. ವಿದ್ವಾಂಸರು ಅದರ ಕಾಲವನ್ನು ಕ್ರಿ.ಶ. 750ರ ಸುಮಾರೆಂದು ಗುರುತಿಸಿದ್ದಾರೆ. ಗಂಗ ದೊರೆ ಶ್ರೀಪುರುಷನ ಆಳ್ವಿಕೆಯಲ್ಲಿ, ಪೆರ್ಬೊೞಲ್ನಾಡು ಮೂವತ್ತರ ಮೇಲೆ ದಾಳಿ ನಡೆದಾಗ ಕಿತ್ತಯ್ಯನೆಂಬ ವೀರನು ಕಾದಿ ಮಡಿದನೆಂಬುದು ಅದರ ವಿಷಯ. ಬೆಂಗಳೂರು ನಗರದಲ್ಲಿ ಇದುವರೆಗೆ ತಿಳಿದುಬಂದಿರುವ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಪ್ರಾಚೀನವೆಂದು ಪರಿಗಣಿತವಾಗಿದೆ.

'ಪೆರ್ಬೊೞಲ್' ಎಂಬ ಈ ಒಂದು ಹೆಸರಿನಿಂದಲೇ ಒಂದು ಪೂರ್ಣ ಅವಧಿಯ ಭಾಷಾಪಾಠವನ್ನು ಮಾಡಬಹುದು. 'ಪೆರ್' ಎಂದರೆ ಹಿರಿದು, 'ಪೊೞಲ್' ಎಂದರೆ ಪಟ್ಟಣ. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಈ ಹೆಸರಿನ ಆದಿಯ ಪಕಾರವೂ ಹಕಾರವಾಗಿ ಕ್ರಮೇಣ 'ಹೆಬ್ಬಾಳ' ಉಳಿಯಿತು. ದಿನವೂ ಮೇಲ್ಸೇತುವೆಯ ವಾಹನಸಂದಣಿಯಲ್ಲಿ ಸಿಲುಕಿ ಶಾಲೆಗೆ ತಡವಾಗಿ ಬರುವ ಹುಡುಗನಿಗೆ, ತನಗೆ ತಡವಾದ ಸ್ಥಳ ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನಿಂದ ಅದೇ ಹೆಸರನ್ನು ಹೊತ್ತಿದೆಯೆಂದು ತಿಳಿದರೆ ವ್ಯಾಕರಣದ ಸೂತ್ರ ಒಣಸೂತ್ರವಾಗಿ ಉಳಿಯುವುದಿಲ್ಲ. ಇಂದಿನ ವರ್ಣಮಾಲೆಯಿಂದ ಬಿಟ್ಟುಹೋದ 'ೞ' ಅಕ್ಷರದ ಪರಿಚಯವೂ ಇಲ್ಲಿಯೇ ಆಗುತ್ತದೆ.

ಆದರೆ ತೊಡಕಿರುವುದು ಓದುವುದರಲ್ಲಿ. ಗಾಳಿ, ಮಳೆ, ಮಣ್ಣುಗಳಿಂದ ಸವೆದ ಕಲ್ಲಿನ ಛಾಯಾಚಿತ್ರದಲ್ಲಿ ಮಕ್ಕಳಿಗೆ ಗೀಚುಗಳಷ್ಟೇ ಕಾಣುತ್ತವೆ. ಹಿಂದಿನ ಸಂಶೋಧಕರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಕುಂಚದಿಂದ ತಟ್ಟಿ, ಮಸಿ ಸವರಿ ಪಡಿಯಚ್ಚು ತೆಗೆಯುತ್ತಿದ್ದರು; ಇಂದಿಗೂ ಅದು ಬಳಕೆಯಲ್ಲಿರುವ ವಿಧಾನ. ಅದರ ಜೊತೆಗೆ ಈಗ ಇನ್ನೊಂದು ವಿಧಾನ ಬಂದಿದೆ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ನಗರದ ಹಾಗೂ ಸುತ್ತಮುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ದಾಖಲಿಸುವ ಕಾರ್ಯವನ್ನು ಕೈಗೊಂಡಿತು. ಇಂತಹ ಸ್ಕ್ಯಾನರ್ ಕಲ್ಲಿನ ಮೇಲೆ ಬೆಳಕಿನ ವಿನ್ಯಾಸವೊಂದನ್ನು ಚೆಲ್ಲುತ್ತದೆ. ಉಬ್ಬುತಗ್ಗುಗಳಿದ್ದಲ್ಲಿ ಆ ವಿನ್ಯಾಸ ಬಾಗುತ್ತದೆ. ಬಾಗಿದ ಪ್ರಮಾಣದಿಂದ ಗಣಕಯಂತ್ರವು ಆಳವನ್ನು ಲೆಕ್ಕಹಾಕಿ ಕಲ್ಲಿನ ಪ್ರತಿರೂಪವನ್ನು ರಚಿಸುತ್ತದೆ. ಕಲೆ, ಬಣ್ಣ, ಪಾಚಿಗಳನ್ನು ಮರೆಮಾಡಿ, ಬೇಕಾದ ದಿಕ್ಕಿನಿಂದ ಬೆಳಕು ಬೀಳುವಂತೆ ಆ ಪ್ರತಿರೂಪವನ್ನು ತಿರುಗಿಸಿ ನೋಡಬಹುದು. ಕಣ್ಣಿಗೆ ಕಾಣದಿದ್ದ ಅಕ್ಷರ ಆಗ ನೆರಳಿನಲ್ಲಿ ಮೂಡುತ್ತದೆ. ಪುಸ್ತಕಕ್ಕೆ ಸಾಧ್ಯವಿಲ್ಲದ ಕೆಲಸ ಇದೇ.

ಇಲ್ಲಿ ಪಾಠದ ಕ್ರಮ ಮುಖ್ಯ. ಉಪಾಧ್ಯಾಯರು ಮೊದಲೇ ಪರದೆಯ ಮೇಲೆ ಕಲ್ಲನ್ನು ಗಿರಗಿರನೆ ತಿರುಗಿಸಿದರೆ ಮಕ್ಕಳಿಗೆ ಅದು ಜಾತ್ರೆಯ ನೋಟವಾದೀತು. ಮೊದಲು ಸಾಮಾನ್ಯ ಛಾಯಾಚಿತ್ರವನ್ನು ಕೊಟ್ಟು, ಓದಲು ಬಿಟ್ಟು, ಅವರು ಸೋಲುವುದನ್ನು ತಾಳ್ಮೆಯಿಂದ ಕಾಯಬೇಕು. ಆಮೇಲೆ ಕತ್ತಲೆ ಮಾಡಿದ ಕೋಣೆಯಲ್ಲಿ ಒಂದು ಒರಟು ಕಲ್ಲಿಗೆ ಪಕ್ಕದಿಂದ ಟಾರ್ಚಿನ ಬೆಳಕು ಹಾಯಿಸಿ, ಗೀರುಗಳು ಎದ್ದು ಕಾಣುವುದನ್ನು ತೋರಿಸಬೇಕು. ಪರದೆಯ ಸರದಿ ಇದಾದ ಮೇಲೆ. ಅನಂತರ ಪ್ರತಿಯೊಂದು ಮಗುವೂ ಒಂದು ಸಾಲನ್ನು ಕೈಯಿಂದಲೇ ನಕಲು ಮಾಡಿ, ಹಳೆಯ ಕಕಾರವನ್ನು ಇಂದಿನ ಕಕಾರದೊಡನೆ ಹೋಲಿಸಬೇಕು. ಸಂದೇಹದ ಅಕ್ಷರ ಬಂದಾಗ ಯಂತ್ರ ತೀರ್ಪು ಕೊಡುವುದಿಲ್ಲ. ಅದು ಕಲ್ಲನ್ನು ಸ್ಪಷ್ಟವಾಗಿ ತೋರಿಸುತ್ತದೆ, ಓದುವವನು ಮನುಷ್ಯನೇ. ತಾಳೆಗರಿಯ ಕಟ್ಟುಗಳ ಎದುರು ಕುಳಿತು ಪಾಠಗಳನ್ನು ಹೋಲಿಸಿ 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗವನ್ನು ಹೊರತಂದ ಫ. ಗು. ಹಳಕಟ್ಟಿಯವರ ಶ್ರಮವನ್ನು ಈ ಸಂದರ್ಭದಲ್ಲಿ ಮಕ್ಕಳಿಗೆ ಹೇಳದಿದ್ದರೆ ಪಾಠ ಅಪೂರ್ಣ.

ಇದಕ್ಕೆ ಬೇಕಾಗುವುದು ಒಂದು ಗಣಕಯಂತ್ರ, ಒಂದು ಪರದೆ, ಮಗುವಿಗೊಂದರಂತೆ ಉಪಕರಣವಲ್ಲ. 2020ರ ಮಹಾಮಾರಿಯ ಕಾಲದಲ್ಲಿ ಮನೆಗೊಂದೇ ಮೊಬೈಲು, ಅದೂ ತಂದೆಯ ಜೊತೆ ಕೆಲಸಕ್ಕೆ ಹೋಗುವ ಪರಿಸ್ಥಿತಿಯಲ್ಲಿ ಪಾಠ ತಪ್ಪಿದ ಮಕ್ಕಳನ್ನು ಕಂಡವರಿಗೆ ಇದರ ಮಹತ್ವ ತಿಳಿದೀತು. ಹೆಚ್ಚು ಬೇಕಾಗುವುದು ಉಪಾಧ್ಯಾಯರ ಸಿದ್ಧತೆಯ ಸಮಯ. ದಾನಿಗಳಿಂದ ಅದನ್ನು ಯಾರೂ ಕೇಳುವುದಿಲ್ಲ, ಆಯವ್ಯಯ ಪತ್ರದಲ್ಲಿ ಅದಕ್ಕೊಂದು ಕಲಮೂ ಇರುವುದಿಲ್ಲ.

ಕಾಲವೂ ಹೆಚ್ಚಿಲ್ಲ. ಬಿ. ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದಾಗ ಇದ್ದ ಎಷ್ಟೋ ಕಲ್ಲುಗಳು ಈಗ ಇದ್ದಲ್ಲಿ ಇಲ್ಲ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಸುತ್ತಲಿನ ಹೊಲಗಳು ಬಡಾವಣೆಗಳಾದವು. ಯಾವ ಕಲ್ಲು ಯಾರ ಹೊಲದ ಬದುವಿನಲ್ಲಿತ್ತು, ಯಾವುದು ಬಟ್ಟೆ ಒಗೆಯುವ ಹಾಸುಗಲ್ಲಾಯಿತು ಎಂಬುದು ಹಳೆಯ ಮನೆತನಗಳ ಅಜ್ಜ ಅಜ್ಜಿಯರಿಗೆ ಇನ್ನೂ ನೆನಪಿದೆ. ಪಾಠ ಮುಗಿದ ಸಂಜೆ ಮಕ್ಕಳು ಅವರನ್ನು ಕೇಳಿಕೊಂಡು ಬಂದು, ಮರುದಿನ ಊರಿನ ನಕಾಶೆಯಲ್ಲಿ ಆ ಸ್ಥಳಗಳನ್ನು ಗುರುತುಮಾಡಬಹುದು.